ಮಗುವನ್ನು ಎತ್ತಿಕೊಳ್ಳುವವಳ ಸೀರೆ

ನಮ್ಮ ಮಂಗಳೂರು ಕಡೆಯ ಕೆಥೋಲಿಕ್ ಮನೆಗಳಲ್ಲಿ ಮಗುವಿನ ಜ್ಞಾನಸ್ನಾನ ಬಂತೆಂದರೆ ಬಟ್ಟೆ ಅಂಗಡಿಗೆ ಓಡಾಟ ಶುರು. ಈ ಸಲ ಅಕ್ಕನ ಮೊಮ್ಮಗಳಿಗೆ ಗಾಡ್‌ಮದರ್ ಆಗುವವಳು ಪಿಯುಸಿ ಓದುವ ನನ್ನ ಮಗಳು. ಚರ್ಚಿನ 1983ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಆಕೆಗೆ 16 ವರ್ಷ ತುಂಬಿರಬೇಕು, ದೃಢೀಕರಣ ಸಂಸ್ಕಾರ ಆಗಿರಬೇಕು. ಆ ನಿಯಮದಲ್ಲಿ ಉಡುಪಿನ ಮಾತೇ ಇಲ್ಲ!

ಮಗಳ ಕಣ್ಣು ಮಾತ್ರ ಜರಿಯಂಚಿನ, ಮಿರಮಿರ ಮಿಂಚುವ ಪಾಲಿಯೆಸ್ಟರ್ ಸೀರೆಯ ಮೇಲಿತ್ತು. "ಪಪ್ಪಾ, ಅವತ್ತು ಎಲ್ಲರೂ ನನ್ನನ್ನೇ ನೋಡುತ್ತಾರೆ" ಎಂದಳು.

"ನೋಡಲಿ. ಆದರೆ ನಿನ್ನನ್ನು ಮುಟ್ಟುವುದು ಮಗು" ಎಂದೆ.

ಒರಟು ಜರಿ ಎಳೆಗೂಸಿನ ಕೆನ್ನೆಯನ್ನು ಗೀರುತ್ತದೆ. ಪಾದ್ರಿಗಳು ಮಗುವಿನ ನೆತ್ತಿಗೆ ಪವಿತ್ರ ತೈಲ ಹಚ್ಚುತ್ತಾರೆ. ಆ ಎಣ್ಣೆ ತಾಗಿದ ಹತ್ತಿ ಬಟ್ಟೆಯನ್ನು ಸಾಬೂನಿನಲ್ಲಿ ತೊಳೆಯಬಹುದು. ಪಾಸ್ಖ ಮೇಣದ ಬತ್ತಿಯಿಂದ ಮಗುವಿನ ಬತ್ತಿಯನ್ನು ಹೊತ್ತಿಸುವಾಗ ಎಲ್ಲರೂ ಒತ್ತೊತ್ತಾಗಿ ನಿಂತಿರುತ್ತಾರೆ. ಪಾಲಿಯೆಸ್ಟರ್‌ಗೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯೂ ಉರಿಯುತ್ತದೆ, ಆದ್ದರಿಂದ ಸೆರಗನ್ನು ಇಳಿಬಿಡದೆ ನೆರಿಗೆ ಹಿಡಿದು, ಮಗುವಿಗೆ ಚುಚ್ಚದಂತೆ ಹಿಂಭುಜದಲ್ಲಿ ಪಿನ್ ಹಾಕಬೇಕು.

ಮಗಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದಳು. ಆಮೇಲೆ ತಾನೇ ಕಪಾಟು ತೆರೆದು ಅಮ್ಮನ ತಿಳಿನೀಲಿ ಉಡುಪಿ ಕೈಮಗ್ಗದ ಸೀರೆ ತೆಗೆದಳು. ಬಿಳಿ ಬೇಡವೆಂದಳು, ಅಂದು ಬಿಳಿ ಉಡುಪು ಮಗುವಿನದು. ಹೊಸ ಸೀರೆಗೆ ತೆಗೆದಿಟ್ಟ ಹಣವನ್ನು ಮಗುವಿನ ಅಂಚೆ ಕಚೇರಿ ಖಾತೆಗೆ ಹಾಕೋಣವೆಂದವಳೂ ಅವಳೇ.

ಮಕ್ಕಳಿಗೆ ಬೇಡವೆನ್ನುವಾಗ ಕಾರಣವನ್ನೂ ಹೇಳಿ ನೋಡಿ. ಮುಂದಿನದನ್ನು ಅವರೇ ಯೋಚಿಸುತ್ತಾರೆ.