ಕ್ಯಾರಿಯರ್ ಇದೆಯಾ ನೋಡಿ

ಒಂದು ಸೈಕಲ್ ಶೋಕಿಯದೋ ಕೆಲಸದ್ದೋ ಅಂತ ಕಂಡುಹಿಡಿಯೋಕೆ ನನ್ನ ಹತ್ರ ಒಂದು ಸುಲಭದ ಪರೀಕ್ಷೆ ಇದೆ. ಹಿಂದೆ ಕ್ಯಾರಿಯರ್ ಇದೆಯಾ ನೋಡಿ.

ಬೆಂಗಳೂರಿನ ದೊಡ್ಡ ಸೈಕಲ್ ಅಂಗಡಿಗಳಲ್ಲಿ ಮೂವತ್ತು ಸಾವಿರ ಕೊಟ್ಟರೂ ಎಷ್ಟೋ ಸೈಕಲ್ಲಿಗೆ ಕ್ಯಾರಿಯರ್ ಇರಲ್ಲ. ಮಡ್‌ಗಾರ್ಡು, ಚೈನ್ ಕವರೂ ಇರಲ್ಲ. ಕೇಳಿದರೆ, ‘ಯಾಕೆ ಸಾರ್, ಸುಮ್ನೆ ವೇಯ್ಟು’ ಅಂತಾರೆ. ಮಂಡ್ಯ ಕಡೆಯ ನಮ್ಮೂರಲ್ಲಿ ಅಂಥ ಸೈಕಲ್ ತೋರಿಸಿದ್ದರೆ, ‘ಅಯ್ಯೋ, ಯಾರೋ ಬಿಚ್ಕೊಂಡು ಹೋಗವ್ರೆ’ ಅಂತ ಮರುಗುತ್ತಿದ್ದರು. ಅಪ್ಪನ ಅಟ್ಲಾಸ್ ಮೇಲೆ ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನು, ಸಂಜೆ ಹುಲ್ಲಿನ ಹೊರೆ, ಆಗಾಗ ಮಿಲ್ಲಿಗೆ ರಾಗಿ ಮೂಟೆ. ಜಾತ್ರೆಗೆ ಹೊರಟರೆ ಮುಂದಿನ ಬಾರ್ ಮೇಲೆ ನಾನು, ಹಿಂದೆ ತಂಗಿಯನ್ನು ಎತ್ತಿಕೊಂಡ ಅಮ್ಮ. ಅಪ್ಪನನ್ನು ‘ನೀವು ಸೈಕ್ಲಿಂಗ್ ಮಾಡ್ತೀರಾ?’ ಅಂತ ಯಾರೂ ಕೇಳಲಿಲ್ಲ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ಆಮೇಲೆ ತಂಗಿಗೂ ಒಂದು ಬಂತು. ಹೈಸ್ಕೂಲು ನಾಲ್ಕು ಕಿಲೋಮೀಟರ್ ದೂರ, ಬಸ್ಸಿಗೆ ಗ್ಯಾರಂಟಿ ಇಲ್ಲ. ಅವಳ ಓದು ಮುಂದುವರಿದಿದ್ದು ಆ ಸೈಕಲ್ ಮೇಲೆ.

ಹಾಗಂತ ನಂದಿಬೆಟ್ಟಕ್ಕೆ ಹೋಗೋರನ್ನ ಆಡಿಕೊಳ್ತಿಲ್ಲ. ನಾನೂ ಅವರಲ್ಲೊಬ್ಬ. ಕತ್ತಲಲ್ಲೇ ಹೊರಟು, ಏದುಸಿರು ಬಿಡುತ್ತಾ 1,478 ಮೀಟರ್ ಎತ್ತರದ ತುದಿ ತಲುಪಿ, ಇಳಿದು ಬಂದು ಇಡ್ಲಿ ವಡೆ ತಿನ್ನೋ ಸುಖವೇ ಬೇರೆ. ಆದರೆ ಭಾನುವಾರ ನೂರು ಕಿಲೋಮೀಟರ್ ತುಳಿದವರೇ ಸೋಮವಾರ ಆರು ಕಿಲೋಮೀಟರ್ ದೂರದ ಆಫೀಸಿಗೆ ಕಾರು ತೆಗೀತಾರೆ. ಇದು ಸೋಮಾರಿತನ ಅಲ್ಲ. ಭಾನುವಾರ ಹೊರಡೋ ಹೊತ್ತು, ಹೋಗೋ ದಾರಿ ನಮ್ಮ ಇಷ್ಟ. ಮಳೆ ಬಂದರೆ ಹೊದ್ದು ಮಲಗಬಹುದು. ಸೋಮವಾರ ಹಾಗಲ್ಲ. ಒಂಬತ್ತೂವರೆಗೆ ಮೀಟಿಂಗು, ಸಿಲ್ಕ್ ಬೋರ್ಡ್ ದಾಟಲೇಬೇಕು. ಬೆವರಿದ ಶರ್ಟು ಬದಲಿಸೋಕೆ ಜಾಗ ಬೇಕು, ಬೀಗ ಹಾಕೋಕೆ ಕಂಬಿ ಬೇಕು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸೈಕಲ್ಲಿಗೆ ಅಂತಲೇ ಕಂಬಗಳನ್ನು ನೆಟ್ಟು ಒಂದು ಪಟ್ಟೆ ಬಿಟ್ಟಿದ್ದರು. ಕಂಬಗಳು ಮುರಿದವು, ಪಟ್ಟೆಯೊಳಕ್ಕೆ ಬೈಕುಗಳು ನುಗ್ಗಿದವು. ಭಾನುವಾರದ ಸವಾರನಿಗೆ ಇದರಿಂದ ನಷ್ಟವಿಲ್ಲ. ದಿನಾ ಅದೇ ರಸ್ತೆ ತುಳಿಯೋನಿಗೆ ಅದು ಜೀವದ ಪ್ರಶ್ನೆ.

ನಾನು ನನ್ನ ಸೈಕಲ್ಲಿಗೆ ಕ್ಯಾರಿಯರ್, ಮಡ್‌ಗಾರ್ಡ್ ಹಾಕಿಸಿ ಆಫೀಸಿಗೆ ಹೋಗೋಕೆ ಶುರು ಮಾಡಿದ ಮೊದಲ ದಿನ ಗೇಟಲ್ಲಿ ಸೆಕ್ಯುರಿಟಿಯವರು ತಡೆದರು. ‘ಡೆಲಿವರಿ ಆ ಕಡೆ ಗೇಟು.’ ಐಡಿ ಕಾರ್ಡ್ ತೋರಿಸಿದ ಮೇಲೆ ಅವರಿಗೇ ಮುಜುಗರ. ‘ಏನ್ಕೊಬೇಡಿ ಸಾರ್, ನಾನೂ ಸೈಕಲಲ್ಲೇ ಬರೋದು’ ಅಂದರು. ಅವರದು ಕಾಂಪೌಂಡಿನ ಆಚೆ, ಕರೆಂಟ್ ಕಂಬಕ್ಕೆ ಚೈನು ಸುತ್ತಿಸಿಕೊಂಡು ಬಿಸಿಲು ಮಳೆಗೆ ನಿಂತಿತ್ತು. ಒಳಗೆ ಸೈಕಲ್ಲಿಗೆ ಜಾಗವೇ ಇರಲಿಲ್ಲ.

ನಾವು ನಾಲ್ಕೈದು ಜನ ಸೇರಿ ಸ್ಟ್ಯಾಂಡ್ ಬೇಕು ಅಂತ ಮೇಲ್ ಬರೆದೆವು. ‘ಪಾರ್ಕಿಂಗ್’ ಅಂತ ಬರೆದಾಗ ಉತ್ತರ ಬರಲಿಲ್ಲ. ‘ಫಿಟ್‌ನೆಸ್’ ಅಂತ ಬರೆದೆವು, ಎರಡೇ ವಾರದಲ್ಲಿ ಬೇಸ್‌ಮೆಂಟಿನಲ್ಲಿ ಎರಡು ಕಾರಿನ ಜಾಗ ಸಿಕ್ಕಿತು. ಆದರೆ ಉದ್ಯೋಗಿಗಳಿಗೆ ಮಾತ್ರ. ಸೆಕ್ಯುರಿಟಿ, ಹೌಸ್‌ಕೀಪಿಂಗ್‌ನವರು ಕಾಂಟ್ರಾಕ್ಟಿನವರಂತೆ, ಲೆಕ್ಕಕ್ಕಿಲ್ಲ. ಆ ಒಂದು ಸಾಲು ತೆಗೆಸೋಕೆ ಮತ್ತೆ ಮೂರು ತಿಂಗಳು ಮೇಲ್ ಬರೆದು, ಮೀಟಿಂಗಲ್ಲಿ ಕೂತು ಜಗ್ಗಾಡಬೇಕಾಯ್ತು.

ಈಗ ಬಿಸಿಲಿನ ದಿನ ಅಲ್ಲಿ ಇಪ್ಪತ್ತು ಸೈಕಲ್ ನಿಲ್ಲುತ್ತವೆ. ಮಳೆ ಹಿಡಿದ ದಿನ ಎಣಿಸಿದರೆ ಹನ್ನೊಂದೋ ಹನ್ನೆರಡೋ. ಎಲ್ಲದಕ್ಕೂ ಕ್ಯಾರಿಯರ್ ಇರುತ್ತೆ, ಕ್ಯಾರಿಯರಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಊಟದ ಡಬ್ಬಿ ಇರುತ್ತೆ.