ಕರ್ನಾಟಕ ಅಲ್ಲ, ಮೈಸೂರು

ಅಮೆರಿಕದ ಬೇಸ್‌ಬಾಲ್ ಕಾರ್ಡ್ ನೋಡಿದೀರಲ್ವಾ? ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಮುಂದೆ ಆಟಗಾರನ ಫೋಟೊ, ಹಿಂದೆ ಲೆಕ್ಕ. ನಮ್ಮ ಹಿಂದಿನ ಬೀದಿ ತಾತ ಒಂದು ಕಾಲದಲ್ಲಿ ರಣಜಿ ಆಡಿದ್ದರು ಅಂತ ಗೊತ್ತಾದಾಗ, ಅವರಿಗೂ ಅಂಥದ್ದೊಂದು ಮಾಡಿಸೋಣ ಅನ್ನಿಸ್ತು. ಆಡಿದ್ದು ಎರಡೇ ಮ್ಯಾಚ್. ನೆಟ್‌ನಲ್ಲಿ ಹುಡುಕಿದರೆ ಒಂದು ಫೋಟೊನೂ ಇಲ್ಲ.

ಮೊಮ್ಮಗನ ಹತ್ರ ಹಳೇ ಫೋಟೊ ಇಸ್ಕೊಂಡು, ಫೋನಲ್ಲೇ ಡಿಸೈನ್ ಮಾಡಿ, ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಕಾಗದಕ್ಕೆ ಪ್ರಿಂಟ್ ಹಾಕಿಸಿದೆ. ಲ್ಯಾಮಿನೇಶನ್ ಬೇಡ ಅಂದೆ, ಪೆನ್ ಹಿಡಿಯಲ್ಲ.

ತಾತ ತುಂಬಾ ಹೊತ್ತು ನೋಡಿದರು. "ಚೆನ್ನಾಗಿದೆ ಕಣೋ. ಆದ್ರೆ ನಾನು ಕರ್ನಾಟಕಕ್ಕೆ ಆಡೇ ಇಲ್ಲ."

ಎದೆ ಧಸಕ್ ಅಂತು. ತಪ್ಪು ನಂದೇ. ರಾಜ್ಯದ ಹೆಸರು ಬದಲಾಗಿದ್ದು 1973ರ ನವೆಂಬರ್ 1ಕ್ಕೆ. ಅದಕ್ಕೂ ಮುಂಚೆ ನಮ್ಮ ಟೀಮ್ ಮೈಸೂರು. ಹೆಸರು ಬದಲಾದ ಅದೇ ಸೀಸನ್‌ನಲ್ಲಿ, ಸತತ 15 ಸಲ ಗೆದ್ದಿದ್ದ ಬಾಂಬೆಯನ್ನ ಸೆಮಿಫೈನಲ್‌ನಲ್ಲಿ ಹೊರಹಾಕಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಿತು. ತಾತ ಆಗ ಟೀಮಲ್ಲಿ ಇರಲಿಲ್ಲ.

"ಬೇರೆ ಪ್ರಿಂಟ್ ಹಾಕಿಸ್ತೀನಿ ತಾತ."

"ಬೇಡ, ಪೆನ್ ಕೊಡು."

ಕರ್ನಾಟಕ ಅನ್ನೋದನ್ನ ಹೊಡೆದುಹಾಕಿ, ಮೇಲೆ ಮೈಸೂರು ಅಂತ ಬರೆದು, ಕೆಳಗೆ ಸೈನ್ ಮಾಡಿದರು. ಕೈ ಸ್ವಲ್ಪ ನಡುಗ್ತಿತ್ತು. "ಗೆದ್ದಿದ್ದು ಅವರು. ನಾನು ಆಡಿದ್ದು ಇದಕ್ಕೆ."

ಮಾರೋಕೆ ಹೋದ್ರೆ ಐದು ರೂಪಾಯಿನೂ ಹುಟ್ಟಲ್ಲ. ನಾನಂತೂ ಯಾರಿಗೂ ಕೊಡಲ್ಲ.

ಹೆಸರು ಹಾಕಬೇಡ ಅಂದಿದ್ದಾರೆ. ಅದಕ್ಕೇ ಫೋಟೊದಲ್ಲಿ ಸೈನ್ ಮೇಲೆ ನನ್ನ ಹೆಬ್ಬೆರಳು.

ನಿಮ್ಮ ಬೀದಿಯಲ್ಲಿ ಇಂಥವರು ಯಾರಿದ್ದಾರೆ? ಒಂದ್ಸಲ ಹೋಗಿ ಮಾತಾಡಿಸಿ.