ಪ್ರಾರ್ಥನೆಗೆ ಬರದವನಿಗೆ ಊಟವಿಲ್ಲ

ಎಂಬತ್ತರ ದಶಕದ ಮೈಸೂರಿನಲ್ಲಿ ಹಳ್ಳಿ ಹುಡುಗನೊಬ್ಬ ತನ್ನ ಹಾಸ್ಟೆಲಿನ ಹೆಸರು ಹೇಳಿದರೆ ಸಾಕು, ಜಾತಿಯೂ ಗೊತ್ತಾಗಿಬಿಡುತ್ತಿತ್ತು. ಊರ ತುಂಬ ಸಮುದಾಯದ ಹಾಸ್ಟೆಲುಗಳು, ಮಠಗಳ ಪ್ರಸಾದನಿಲಯಗಳು, ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳು. ನಾನಿದ್ದದ್ದು ಮಠವೊಂದರ ಆಶ್ರಯದ ಹಾಸ್ಟೆಲಿನಲ್ಲಿ. ಗೋಡೆಯ ಮೇಲೆ ಹತ್ತಾರು ನಿಯಮಗಳಿದ್ದವು, ನಡೆಯುತ್ತಿದ್ದದ್ದು ಒಂದೇ: ಸಂಜೆ ಪ್ರಾರ್ಥನೆಗೆ ಬರದವನಿಗೆ ರಾತ್ರಿ ಊಟವಿಲ್ಲ. ಹಾಗಾಗಿ ನಮ್ಮಲ್ಲಿದ್ದ ನಾಸ್ತಿಕರೂ ಗಂಟಲು ಬಿಚ್ಚಿ ವಚನ ಹೇಳುತ್ತಿದ್ದರು.

ಭಕ್ತಿ ಇತ್ತೇ ಎಂದರೆ, ಪರೀಕ್ಷೆ ಹತ್ತಿರವಾದಂತೆ ಇತ್ತು. ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಬೆಳಗಿನ ಜಾವ ಹತ್ತುವ ಹುಡುಗರ ಗುಂಪಿನಲ್ಲಿ ಅರ್ಧ ಜನ ಹರಕೆಯವರು, ಇನ್ನರ್ಧ ಮಹಾರಾಣಿ ಕಾಲೇಜಿನವರು ಯಾರಾದರೂ ಸಿಕ್ಕಾರೆಂದು ಬಂದವರು. ರಿಸಲ್ಟ್ ಬಂದ ಮೇಲೆ ಬೆಟ್ಟವನ್ನು ಯಾರೂ ನೆನೆಯುತ್ತಿರಲಿಲ್ಲ.

ಬದುಕಿನ ಗುರಿ ಏನು ಎಂಬ ಪ್ರಶ್ನೆಯನ್ನು ನಮಗೆ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅದನ್ನು ಊರಿನಿಂದ ಬರುವಾಗಲೇ ಟ್ರಂಕಿನಲ್ಲಿಟ್ಟು ಕಳಿಸಿದ್ದರು. ತಂಗಿಯ ಮದುವೆ, ಸೊಸೈಟಿ ಸಾಲ, ತಮ್ಮನ ಓದು. ಬ್ಯಾಂಕ್ ಪರೀಕ್ಷೆ ಅಥವಾ ಬಿ.ಎಡ್. ಮಾಡಿ ಇವನ್ನೆಲ್ಲ ತೀರಿಸಬೇಕು. ಅದು ನಾವು ಹುಡುಕಿಕೊಂಡ ಅರ್ಥವಲ್ಲ, ಹೊತ್ತ ಹೊರೆ. ಆದರೆ ಹೊರೆಯಿದ್ದವನಿಗೆ ಬೆಳಿಗ್ಗೆ ಏಕೆ ಏಳಬೇಕು ಎಂಬ ಅನುಮಾನ ಕಡಿಮೆ.

ಗುರಿಗೆ ದೇವರೇ ಬೇಕೆಂದೂ ಇರಲಿಲ್ಲ. ಇಲಾಖೆಯ ಹಾಸ್ಟೆಲುಗಳಲ್ಲಿ ದೇವರ ಪಟದ ಜಾಗದಲ್ಲಿ ಅಂಬೇಡ್ಕರ್ ಇದ್ದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೆದ 1973ರ ಬೂಸಾ ಗಲಾಟೆಯ ಏಟು ಕಂಡ ಅಣ್ಣಂದಿರು ದಲಿತ ಸಂಘರ್ಷ ಸಮಿತಿಯಲ್ಲಿದ್ದರು. ರಾತ್ರಿ ಪೋಸ್ಟರ್ ಅಂಟಿಸಿ ಬಂದು ಬೆಳಿಗ್ಗೆ ಕ್ಲಾಸಿಗೆ ಕೂರುತ್ತಿದ್ದ ಆ ಹುಡುಗರಲ್ಲಿದ್ದ ಹುರುಪು ನಮ್ಮ ಪ್ರಾರ್ಥನಾ ಮಂದಿರದಲ್ಲಿ ಕಾಣುತ್ತಿರಲಿಲ್ಲ. ಅತ್ತ ಬೆಂಗಳೂರಿನ ಬಸವನಗುಡಿಯಲ್ಲಿ ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿ ಸತ್ಯಸಾಯಿಬಾಬಾ ಅವರಿಗೇ ಸವಾಲು ಹಾಕಿದವರು. ಅವರ ಬದುಕು ಮಾತ್ರ ಯಾವ ಸನ್ಯಾಸಿಗೂ ಕಡಿಮೆಯಿರಲಿಲ್ಲ: ಖಾದಿ, ಬ್ರಹ್ಮಚರ್ಯ, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆ.

ಆ ಕಾಲ ಚೆನ್ನಾಗಿತ್ತು ಎನ್ನುವವರಿಗೆ ನಮ್ಮ ಪಕ್ಕದ ಕೋಣೆಯ ಹುಡುಗನ ವಿಷಯ ಹೇಳಬೇಕು. ಬಿ.ಎಸ್ಸಿ.ಯಲ್ಲಿ ಚೆನ್ನಾಗಿ ಓದುತ್ತಿದ್ದವನು. ಎರಡನೇ ವರ್ಷ ಏಳುವುದು ನಿಲ್ಲಿಸಿದ. ಸ್ನಾನ ಬಿಟ್ಟ, ಮಾತು ಬಿಟ್ಟ, ಆಮೇಲೆ ಪ್ರಾರ್ಥನೆ ಬಿಟ್ಟ. ಮೊದಲ ಎರಡನ್ನು ಯಾರೂ ಕೇಳಲಿಲ್ಲ. ಮೂರನೆಯದಕ್ಕೆ ವಾರ್ಡನ್ ಬಂದರು. ಸೋಮಾರಿ ಎಂದರು. ಅವನ ಅಪ್ಪ ಬಂದು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಕರೆದುಕೊಂಡು ಹೋದರು. ಅವನು ಮತ್ತೆ ಬರಲಿಲ್ಲ. ಮಂಚವನ್ನು ಬೇರೆಯವನಿಗೆ ಕೊಟ್ಟರು. ಖಿನ್ನತೆ ಎಂಬ ಮಾತು ನಮ್ಮ ಬಾಯಲ್ಲಿರಲಿಲ್ಲ, ಬೆಂಗಳೂರಿನ ನಿಮ್ಹಾನ್ಸ್ ಎಂದರೆ ತಮಾಷೆಗೆ ಬೈಯುವ ಹೆಸರಾಗಿತ್ತು ಅಷ್ಟೆ.

ಈಗ ನನ್ನ ಅಕ್ಕನ ಮೊಮ್ಮಗ ಬೆಂಗಳೂರಿನ ಪಿ.ಜಿ.ಯಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುತ್ತಾನೆ. ನಮಗಿಂತ ಅವನಿಗೇ ದೇವರು ಹತ್ತಿರ. ಕೈಯಲ್ಲಿ ಕೆಂಪು ದಾರ, ಫೋನಿನ ಮುಖಪುಟದಲ್ಲಿ ಹನುಮಂತ, ನಿದ್ದೆ ಬಾರದಿದ್ದರೆ ಇಯರ್‌ಫೋನಿನಲ್ಲಿ ವಿಷ್ಣು ಸಹಸ್ರನಾಮ, ಪ್ಲೇಸ್‌ಮೆಂಟಿಗೆ ಮುಂಚೆ ಆನ್‌ಲೈನಿನಲ್ಲಿ ಅರ್ಚನೆ. ಬಲವಂತವಿಲ್ಲದ ಈ ಭಕ್ತಿ ನಮ್ಮದಕ್ಕಿಂತ ಪ್ರಾಮಾಣಿಕ ಎಂದೇ ನನಗನಿಸುತ್ತದೆ. ಆತಂಕ, ಥೆರಪಿ, ಪ್ಯಾನಿಕ್ ಅಟ್ಯಾಕ್ ಎಂಬ ಮಾತುಗಳನ್ನು ಅವನು ನಾಚಿಕೆಯಿಲ್ಲದೆ ಆಡುತ್ತಾನೆ. ಇದೂ ದೊಡ್ಡ ಲಾಭವೇ. ಆದರೆ ಊಟ ಸ್ವಿಗ್ಗಿಯಲ್ಲಿ ಬರುತ್ತದೆ, ಬಾಗಿಲು ಹಾಕಿಕೊಂಡು ಉಣ್ಣುತ್ತಾನೆ. ಎರಡು ದಿನ ಹೊರಗೆ ಬರದಿದ್ದರೆ ಗೊತ್ತಾಗುವುದು ಯಾರಿಗೆ ಎಂದು ಕೇಳಿದೆ. ಯೋಚಿಸಿ, ‘ಡೆಲಿವರಿ ಹುಡುಗನಿಗೂ ಗೊತ್ತಾಗಲ್ಲ, ದಿನಾ ಬೇರೆಯವನು ಬರ್ತಾನೆ’ ಎಂದ.

ಸಮಾಜಶಾಸ್ತ್ರದ ಮೇಷ್ಟ್ರು ನಮಗೆ ದುರ್ಖೈಮ್ ನೋಟ್ಸ್ ಬರೆಸುತ್ತಿದ್ದರು. ಆತ್ಮಹತ್ಯೆಯ ಬಗ್ಗೆ 1897ರಲ್ಲಿ ಬಂದ ದುರ್ಖೈಮ್ ಪುಸ್ತಕದ ತಿರುಳು, ಮನುಷ್ಯನನ್ನು ಕಾಯುವುದು ಧರ್ಮದ ತತ್ವಕ್ಕಿಂತ ಹೆಚ್ಚಾಗಿ ಅದು ಕಟ್ಟುವ ಕೂಟ ಎಂಬುದು. ಹತ್ತು ಅಂಕಕ್ಕೆ ಬರೆದು ಹಾಸ್ಟೆಲಿಗೆ ಬಂದು ಪ್ರಾರ್ಥನೆಗೆ ಕೂತರೂ ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಯಾರಿಗೂ ಬರಲಿಲ್ಲ. ನಮ್ಮನ್ನು ಅಷ್ಟಿಷ್ಟು ಕಾಯ್ದದ್ದು ವಚನದ ಅರ್ಥವಲ್ಲ, ಪಂಕ್ತಿ. ಯಾರಿಲ್ಲ ಎಂಬುದು ಅಲ್ಲಿ ತಾನಾಗಿ ಕಾಣುತ್ತಿತ್ತು. ಕಂಡ ಮೇಲೆ ಏನು ಮಾಡಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ಇವತ್ತು ಏನು ಮಾಡಬೇಕೆಂದು ಗೊತ್ತಿದೆ, ಕಾಣುವವರಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ಈ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಒಬ್ಬ ಅರ್ಹ ಆಪ್ತಸಮಾಲೋಚಕರಾದರೂ ಇರಬೇಕೆಂದು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯದೇ. ಆದರೆ ಆ ಸಮಾಲೋಚಕರ ಕೋಣೆಯವರೆಗೆ ನಡೆದು ಹೋಗುವ ಶಕ್ತಿ ಇಲ್ಲದವನೇ ಅಲ್ಲವೇ ತೊಂದರೆಯಲ್ಲಿರುವವನು?

ಜಾತಿಯ ಹಾಸ್ಟೆಲುಗಳಾಗಲಿ ಪ್ರಾರ್ಥನೆಯ ಬಲವಂತವಾಗಲಿ ನನಗೆ ವಾಪಸು ಬೇಡ. ಹಾಸ್ಟೆಲ್, ಪಿ.ಜಿ. ನಡೆಸುವವರಲ್ಲಿ ಕೇಳುವುದು ಇಷ್ಟು: ದಿನಕ್ಕೆ ಒಂದು ಹೊತ್ತಿನ ಊಟ ಎಲ್ಲರೂ ಒಟ್ಟಿಗೆ ಕೂತು ಮಾಡುವಂತಿರಲಿ, ನೀವೂ ಅಲ್ಲೇ ಕೂತು ಉಣ್ಣಿ. ಬಾರದವನ ಬಾಗಿಲು ತಟ್ಟಿ. ಬೈಯಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.